ಒಂದನೇ ಗೇರು

ನಾನು ಒಂದು ಗೇರ್‌ಬಾಕ್ಸ್. ಎರಡೇ ಸೀಟಿನ ಒಂದು ಹಳೆಯ ಕೆಂಪು ಸ್ಪೋರ್ಟ್ಸ್ ಕಾರಿನ ಹೊಟ್ಟೆಯಡಿ ನನ್ನ ವಾಸ. ಹುಟ್ಟಿದ್ದು ಸಮುದ್ರದಾಚೆಯ ಕಾರ್ಖಾನೆಯಲ್ಲಿ. ಕಾದ ಲೋಹವನ್ನು ಅಚ್ಚಿಗೆ ಸುರಿದರು, ಒಳಗೆ ಹಲ್ಲಿನ ಚಕ್ರಗಳನ್ನು ಜೋಡಿಸಿದರು, ಎಣ್ಣೆ ಹೊಯ್ದು ಬೋಲ್ಟ್ ಬಿಗಿದರು. ಉಳಿದ ವಸ್ತುಗಳೆಲ್ಲ ತಮ್ಮ ಒಡೆಯರನ್ನು ಕೆಳಗಿನಿಂದ ನೋಡುತ್ತವಂತೆ. ನನ್ನ ಹಣೆಬರಹ ತಿರುಗುಮುರುಗು. ನನ್ನ ಮುಖ ನೋಡಬೇಕಾದರೆ ಒಡೆಯನೇ ನೆಲದ ಮೇಲೆ ಅಂಗಾತ ಮಲಗಬೇಕು.

ಮೊದಲ ಒಡೆಯ ಮುಂಬೈಯ ಹತ್ತಿ ವ್ಯಾಪಾರಿ, ಒಂದು ದಿನವೂ ಮಲಗಲಿಲ್ಲ. ಆಮೇಲೆ ಅವನ ಅಳಿಯನಿಗೆ ಸಿಕ್ಕಿದೆ. ಮಂಗನ ಕೈಗೆ ಮಾಣಿಕ್ಯ ಕೊಟ್ಟಂತಾಯಿತು! ಕ್ಲಚ್ ಒತ್ತದೆ ಗೇರು ಎಳೆದು ನನ್ನಿಂದ ಹಲ್ಲು ಕಡಿಸಿದ ಪುಣ್ಯಾತ್ಮ ಅವನು. ಕೊನೆಗೆ ಹುಬ್ಬಳ್ಳಿಯ ಗುಜರಿ ಅಂಗಡಿಯೊಂದರಲ್ಲಿ ಹತ್ತು ವರ್ಷ ಬಿದ್ದಿದ್ದೆ. ಅಲ್ಲಿಂದ ನನ್ನನ್ನು ಮನೆಗೆ ತಂದವರು ರೈಲ್ವೆ ವರ್ಕ್‌ಶಾಪಿನ ಫಿಟ್ಟರ್ ಚನ್ನವೀರಪ್ಪನವರು.

ಅವರು ಪ್ರತಿ ವರ್ಷ ಆಯುಧಪೂಜೆಯ ಹಿಂದಿನ ಭಾನುವಾರ ಮನೆಯಂಗಳದಲ್ಲೇ ನನ್ನ ಎಣ್ಣೆ ಬದಲಿಸುತ್ತಿದ್ದರು. ಕಾರನ್ನು ನಾಲ್ಕು ಕಬ್ಬಿಣದ ಸ್ಟ್ಯಾಂಡುಗಳ ಮೇಲೆ ಎತ್ತಿ ನಿಲ್ಲಿಸಿ, ಗೇರನ್ನು ನ್ಯೂಟ್ರಲ್‌ಗೆ ತಂದು, ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸುವರು. ಹಲ್ಲುಗಳ ಸಂದಿಯಲ್ಲಿ ಉಳಿದ ಹಳೆ ಎಣ್ಣೆಯೂ ಆಗ ತೊಟ್ಟಿಕ್ಕುತ್ತಿತ್ತು. ಪಕ್ಕದಲ್ಲಿ ಬೋಗುಣಿ ಹಿಡಿದು ಕೂತ ಮಗಳು ನೀಲಾಂಬಿಕೆಗೆ ಪ್ರತಿ ಸಲವೂ ಅದೇ ಪಾಠ.

"ಯವ್ವಾ ನೀಲಾ, ಮೊದಲ ಮ್ಯಾಲಿನ ಎಣ್ಣಿ ತುಂಬೋ ಬೋಲ್ಟ್ ಬಿಚ್ಚು, ಆಮ್ಯಾಲ ಕೆಳಗಿಂದು ಬಿಚ್ಚಿ ಖಾಲಿ ಮಾಡೋದು. ಮ್ಯಾಲಿಂದು ಜಾಮ್ ಆಗಿದ್ರ ಇದ್ದ ಎಣ್ಣೀನೂ ಚೆಲ್ಲಿ ಕುಂತಂಗ ಆಕ್ಕೈತಿ."

ಒಂದು ಬೇಸಿಗೆಯಲ್ಲಿ ಎದೆನೋವು ಬಂದು ಚನ್ನವೀರಪ್ಪನವರು ತೀರಿಕೊಂಡರು. ಅಷ್ಟರಲ್ಲಿ ಶಾಲೆಯ ಟೀಚರಾಗಿದ್ದ ನೀಲಾ ಆ ವರ್ಷ ತಾನೇ ಎಣ್ಣೆ ಬದಲಿಸಲು ಬಂದಳು. ಸ್ಟ್ಯಾಂಡುಗಳನ್ನು ಯಾರೋ ಒಯ್ದಿದ್ದರು. ಎರಡು ದಪ್ಪ ಹಲಗೆಗಳನ್ನು ಇಳಿಜಾರಾಗಿಟ್ಟು ಮುಂದಿನ ಚಕ್ರಗಳನ್ನಷ್ಟೇ ಅವುಗಳ ಮೇಲೆ ಹತ್ತಿಸಿದಳು. ಹ್ಯಾಂಡ್‌ಬ್ರೇಕ್ ಎಳೆದಳು. ಆಮೇಲೆ, ಅಪ್ಪ ಮಾಡುತ್ತಿದ್ದಂತೆಯೇ, ಗೇರನ್ನು ನ್ಯೂಟ್ರಲ್‌ಗೆ ತಂದಳು.

ಗೇರು ಕಚ್ಚಿದ್ದರಷ್ಟೇ ನಾನು ಚಕ್ರಗಳನ್ನು ಹಿಡಿದು ನಿಲ್ಲಿಸಬಲ್ಲೆ, ನ್ಯೂಟ್ರಲ್‌ನಲ್ಲಿ ಬ್ರೇಕೊಂದೇ ಗತಿ. ಅಪ್ಪ ಹಾಗೆ ಮಾಡುತ್ತಿದ್ದುದು ನಾಲ್ಕೂ ಚಕ್ರ ಗಾಳಿಯಲ್ಲಿದ್ದಾಗ ಎಂಬುದು ಅವಳಿಗೆ ಹೊಳೆಯಲಿಲ್ಲ. ನನಗೆ ಹೊಳೆಯಿತು, ಆದರೆ ನನಗೆಲ್ಲಿಯ ಬಾಯಿ?

ನಡುಮಧ್ಯಾಹ್ನ. ಓಣಿಯಲ್ಲಿ ನಾಯಿ ಕೂಡ ಬೊಗಳುತ್ತಿರಲಿಲ್ಲ. ನೀಲಾ ನನ್ನ ಕೆಳಗೆ ತೆವಳಿ ಬಂದು ಮೊದಲು ಮೇಲಿನ ಬೋಲ್ಟ್, ಆಮೇಲೆ ಕೆಳಗಿನದು ಬಿಚ್ಚಿದಳು. ಬೆಚ್ಚನೆಯ ಕಪ್ಪು ಎಣ್ಣೆ ಬೋಗುಣಿಗೆ ಇಳಿಯತೊಡಗಿತು. ಆಗ ಹ್ಯಾಂಡ್‌ಬ್ರೇಕಿನ ಹಳೆಯ ಕೇಬಲ್ಲಿನ ಎಳೆಗಳು ಒಂದೊಂದಾಗಿ ಹರಿಯುವುದು ನನಗೆ ಕೇಳಿಸಿತು. ಕೊನೆಯ ಎಳೆಯೂ ಟಣ್ಣೆಂದಿತು. ಕಾರು ಹಿಂದಕ್ಕೆ ಗೇಣುದ್ದ ಸರಿಯಿತು. ಮುಂದಿನ ಚಕ್ರಗಳು ಹಲಗೆಯಿಂದ ಇಳಿದರೆ ನನ್ನ ಭಾರವೆಲ್ಲ ಅವಳ ಎದೆಯ ಮೇಲೆ. ನನಗೆ ಹೆದರಿಕೆಯಾಯಿತು.

ಅಷ್ಟರಲ್ಲಿ ಮೇಲೆ ಗೇರಿನ ಕೋಲು ಅಲುಗಿತು.

ಸೀಟಿನಲ್ಲಿ ಯಾರೂ ಇರಲಿಲ್ಲ. ಆದರೆ ಕೋಲಿನ ಗುಂಟ ನನ್ನೊಳಗೆ ಇಳಿಯುವ ಕೈ ಯಾರದೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಆ ಕೈ ಗಡಿಬಿಡಿಯಿಲ್ಲದೆ ಕೋಲನ್ನು ಎಡಕ್ಕೆ ಎಳೆದು ಮುಂದಕ್ಕೆ ದೂಡಿತು. ಒಂದನೇ ಗೇರು. ಹಲ್ಲಿಗೆ ಹಲ್ಲು ಕಚ್ಚಿತು, ಕಾರು ನಿಂತಿತು.

ನೀಲಾ ತೆವಳಿ ಹೊರಬಂದಳು. ಖಾಲಿ ಸೀಟು ನೋಡಿದಳು, ತಾನು ನ್ಯೂಟ್ರಲ್‌ಗೆ ತಂದಿಟ್ಟ ಕೋಲು ಒಂದನೇ ಗೇರಿನಲ್ಲಿರುವುದನ್ನು ನೋಡಿದಳು.

ಅಂದಿನಿಂದ ಗೇರು ಬಿಡಲೇ ಇಲ್ಲ. ಹೊಸ ಎಣ್ಣೆ ಹಾಕಿದರೂ ಅಷ್ಟೇ. ಮೆಕ್ಯಾನಿಕ್ ಹುಸೇನಸಾಬ ಬಂದು ಅರ್ಧ ದಿನ ಒದ್ದಾಡಿ, ಬೆವರು ಒರೆಸಿಕೊಂಡ.

"ಒಳಗ ಏನೂ ಮುರದಿಲ್ರೀ ಅಕ್ಕಾರ. ಯಾರೋ ಒತ್ತಿ ಹಿಡದಂಗ ಐತಿ."

"ಇರ್ಲಿ ಬಿಡು," ಎಂದಳು ನೀಲಾ. ಬಿಡಿಸುವ ಮನಸ್ಸು ಅವಳಿಗೂ ಇರಲಿಲ್ಲ.

ದಿನಾ ಸಂಜೆ ಬಂದು ಪಕ್ಕದ ಸೀಟಿನಲ್ಲಿ ಕೂರುವಳು. ಶಾಲೆಯ ಸುದ್ದಿ, ಓಣಿಯ ಜಗಳ, ಎಲ್ಲವನ್ನೂ ಗೇರಿನ ಕೋಲಿಗೆ ಒಪ್ಪಿಸುವಳು. ಆ ಕೈ ಮಾತ್ರ ದಿನದಿನಕ್ಕೆ ನಡುಗತೊಡಗಿತು. ಸತ್ತವರ ಕೈಗೂ ದಣಿವಿದೆ ಎಂದು ನನಗೆ ತಿಳಿದದ್ದು ಆಗಲೇ. ಅಯ್ಯೋ ಪಾಪ ಎನಿಸುತ್ತಿತ್ತು.

ಒಂದು ಸಂಜೆ ಕೋಲಿನ ಮೇಲೆ ಅಂಗೈ ಇಟ್ಟ ನೀಲಾಳಿಗೂ ಆ ನಡುಕ ತಾಗಿತು.

"ಬಿಡ್ರೀ ಅಪ್ಪಾ," ಎಂದಳು. "ಸಾಕು. ನಾ ಹೊರಗ ಬಂದೇನಿ."

ಕೋಲು ತಾನೇ ಜಾರಿ ನ್ಯೂಟ್ರಲ್‌ಗೆ ಬಂದು ನಿಂತಿತು.

ನೀಲಾ ಕ್ಷಣ ಕಾದಳು. ಮರುಕ್ಷಣ ಎರಡೂ ಕೈಯಲ್ಲಿ ಕೋಲು ಹಿಡಿದು ಒಂದನೇ ಗೇರಿಗೆ ದೂಡಿದಳು. "ಅಪ್ಪಾ, ಇರ್ರೀ!" ಎಂದು ಕೂಗಿ ಹಿಂದಕ್ಕೆ ಎಳೆದು ನೋಡಿದಳು. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಈಚೆ ಬಂತು.

ಈಗ ನನಗೆ ವಯಸ್ಸಾಗಿದೆ. ತಾಡಪತ್ರಿ ಹೊದ್ದು ಅಂಗಳದ ಮೂಲೆಯಲ್ಲಿದ್ದೇನೆ. ನನ್ನಲ್ಲಿ ಯಾವ ದೋಷವೂ ಇಲ್ಲ, ನಾಲ್ಕೂ ಗೇರು ಸರಾಗ ಎಂದು ಹುಸೇನಸಾಬ ಹೊಗಳುತ್ತಾನೆ. ನೀಲಾ ಆಗಾಗ ಬಂದು ಒಂದನೇ ಗೇರು ಹಾಕಿ, ಎಳೆದು ನೋಡುತ್ತಾಳೆ. ಗಟ್ಟಿಯಾಗಿ ಹಿಡಿದುಕೊಳ್ಳಬೇಕೆಂದು ನನಗೂ ಆಸೆ. ಆದರೆ ಅವಳು ಹುಡುಕುವ ಕೈ ನನ್ನದಲ್ಲ, ಪ್ರತಿ ಸಲವೂ ಬಿಟ್ಟುಬಿಡುತ್ತೇನೆ.