ಹಿಡಿಮಣ್ಣು ತೂರಿದವಳು

ಅವರೆಕಾಯಿ ಬುಟ್ಟಿಯ ಮೇಲಿಟ್ಟ ಅವನ ಕೈ ನಡುಗುತ್ತಿದೆ, ರೈಲಿನ ಕುಲುಕಾಟಕ್ಕೋ ಹೆದರಿಕೆಗೋ, ನಡುಗಲಿ, ಇನ್ನೂ ನಡುಗಲಿ, ಅಂದುಕೊಂಡಳು ಕದಿರಮ್ಮ — ಹನ್ನೆರಡು ವರ್ಷ ಗಂಡ ಸತ್ತವಳ ಮುಖ ಬೆಳಿಗ್ಗೆ ಕಾಣಬಾರದೆಂದು ಬಾಗಿಲು ಹಾಕಿಕೊಳ್ಳುತ್ತಿದ್ದ ಮೈದುನ ಚಿಕ್ಕವೆಂಕಟಪ್ಪ ಇವತ್ತು ಅವಳ ಬುಟ್ಟಿಯನ್ನು ಬಂಗಾರಪೇಟೆ ಸ್ಟೇಷನ್ನಿನವರೆಗೂ ಹೊತ್ತು ತಂದು, ಅತ್ತಿಗೆ, ಕಿಟಕಿ ತಾವ ಕೂತ್ಕೊಳ್ಳಿ, ಗಾಳಿ ಬತ್ತದೆ, ಅಂದಿದ್ದಾನೆ, ಕೂತ್ಕೊಳ್ಳಿ ಅಂತೆ, ಮರ್ಯಾದೆಯೇನು, ಎಲ್ಲಾ ಆ ವಿಮಾನ ಮಾಡಿದ ಉಪಕಾರ. ರೈಲು ಮಾರಿಕುಪ್ಪಂ ಕಡೆ ಹೊರಳಿತು, ಡಬ್ಬಿಯಲ್ಲಿ ಮತ್ತೆ ಅದೇ ಮಾತು, ಮೂರು ವಾರದಿಂದ ಜನಕ್ಕೆ ಬೇರೆ ಮಾತೇ ಇಲ್ಲ, ಮದ್ರಾಸಿನಿಂದ ಬೆಂಗಳೂರಿಗೆ ಜನರನ್ನು ಹೊತ್ತುಕೊಂಡು ಹೋಗುವ ವಿಮಾನ ಅವಳ ಹೊಲದ ರಾಗಿ ಕೂಳೆಯ ಮೇಲೆ ಹೊಟ್ಟೆ ಉಜ್ಜಿಕೊಂಡು ಬಂದು ಮುರಿದು ನಿಂತಿತಲ್ಲ, ಯಾಕೆ ಬಿತ್ತು — ಗಣಿ ಕೆಲಸದ ಕುಪ್ಪುಸ್ವಾಮಿ ಬೀಡಿ ಹಚ್ಚುತ್ತಾ, ಚಿನ್ನ ಸ್ವಾಮಿ, ಕದ್ದ ಚಿನ್ನ, ಭಾರ ತಡೀಲಿಲ್ಲ, ಅನ್ನುತ್ತಾನೆ, ಎಲೆ ಮಾರುವ ವರಲಕ್ಷ್ಮಮ್ಮ, ಅಯ್ಯೋ ಸುಮ್ಕಿರಪ್ಪ, ಓಡ್ಸೋನು ಕುಡ್ದಿದ್ದ, ನಮ್ಮಕ್ಕನ ಮಗ ವಾಸ್ನೆ ನೋಡವ್ನೆ, ಅನ್ನುತ್ತಾಳೆ, ಮೂಲೆಯವನೊಬ್ಬ ಗಂಗಮ್ಮನ ಗುಡಿಯ ಮೇಲೆ ಹಾರಿದ್ದೇ ತಪ್ಪು ಅನ್ನುತ್ತಾನೆ, ಆಮೇಲೆ ದನಿ ಇಳಿಸಿ, ಅದೂ ಅಲ್ಲ ಕಣ್ರಪ್ಪಾ, ಆ ಊರ ಮುಂಡೆ ಒಬ್ಳು ಹಿಡಿಮಣ್ಣು ತೂರಿ ಶಾಪ ಆಕಿದ್ಳಂತೆ, ದನ ಕಾಯೋರು ಕಣ್ಣಾರೆ ಕಂಡವ್ರೆ. ಕದಿರಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಒಳಗೊಳಗೇ ನಕ್ಕಳು.

ತೂರಿದ್ದು ನಿಜ, ಆದರೆ ವಿಮಾನಕ್ಕಲ್ಲ, ಅದು ಅವಳಿಗೇನು ಮಾಡಿತ್ತು ಪಾಪ — ವರ್ಷಕ್ಕೆ ಎರಡೆರಡು ಸಾಲು ಅವಳ ಹೊಲವನ್ನು ಒತ್ತರಿಸುತ್ತಾ ಬಂದ ಈ ಮೈದುನ ಆವತ್ತು ಗಡಿಕಲ್ಲನ್ನೇ ಕಿತ್ತು ಹುಣಸೆಮರದ ಈಚೆಗೆ ನೆಟ್ಟಿದ್ದ, ಹೊಟ್ಟೆ ಉರಿದು ಹಿಡಿಮಣ್ಣು ತೆಗೆದು ಮೇಲಕ್ಕೆ ತೂರಿ, ನೀನು ಬಿದ್ದೋಗ, ನಿನ್ನ ಸೊಂಟ ಮುರಿದೋಗ, ಅಂದಳು, ಅಂದ ಬಾಯಿ ಮುಚ್ಚುವುದರೊಳಗೆ ನೆತ್ತಿಯ ಮೇಲೆ ವಿಮಾನ ಕೆಮ್ಮಿತು, ಬಿತ್ತು, ಸೊಂಟವೂ ಮುರಿಯಿತು. ಊರಿಗೆಲ್ಲಾ ಅವಳು ವಿಮಾನ ಬೀಳಿಸಿದವಳು, ಇವನಿಗೆ ಮಾತ್ರ ಗೊತ್ತು, ಎಸೆದದ್ದು ತನಗೆ, ಗುರಿ ತಪ್ಪಿದೆ, ಇನ್ನೊಂದು ಸಲ ತಪ್ಪಲಾರದು, ಮರುದಿನವೇ ಕಲ್ಲು ಹಳೇ ಜಾಗಕ್ಕೆ ಹೋಯಿತು, ಅದಕ್ಕೆ ಅರಿಶಿನ ಕುಂಕುಮ ಬೇರೆ, ಹಾಳಾದವನು. ಆವತ್ತು ಬಿದ್ದ ವಿಮಾನದ ಹತ್ತಿರಕ್ಕೆ ಅವಳೇ ಮೊದಲು ಓಡಿದ್ದು, ದನ ಕಾಯುವವರು ದೂರವೇ ನಿಂತರು, ಹೊಗೆ, ಎಣ್ಣೆಯ ಘಾಟು, ಮುರಿದ ಬಾಗಿಲಲ್ಲಿ ತಲೆ ಒಡೆದುಕೊಂಡ ಒಬ್ಬ ತಾಯಿ ಕೂಸನ್ನು ಮುಂದಕ್ಕೆ ಚಾಚಿ — ಬೇಡ, ಅದು ಈಗ ಬೇಡ. ಕಿಟಕಿಯಾಚೆ ಬರೀ ಬಂಡೆ, ಬಿಸಿಲು, ಇನ್ನೇನು ಊರ್ಗಾಂ ಬರಬೇಕು.

ಎದುರು ಹಲಗೆಯ ಜಯರಾಮಪ್ಪ ಮೇಷ್ಟ್ರು ಪೇಪರು ಮಡಚಿ, ನಿಮ್ಮ ತಲೆ, ಯಾವ ಶಾಪವೂ ಇಲ್ಲ, ವಿಚಾರಣೆ ಮುಗೀತು, ಎಣ್ಣೆ ಹೋಗೋ ಪೈಪು ಒಡೆದಿತ್ತಂತೆ, ಹದಿನಾರು ಜನದಲ್ಲಿ ಒಂದು ಕೂಸು ಬಿಟ್ಟು ಎಲ್ಲರೂ ಉಳಿದರಲ್ಲ, ಅದಕ್ಕೆ ಸಂತೋಷಪಡಿ, ಅಂದರು. ಖಂಡಿತಾನಾ ಮೇಷ್ಟ್ರೇ, ಎಂದು ಎರಡು ಸಲ ಕೇಳಿದ ಚಿಕ್ಕವೆಂಕಟಪ್ಪ. ಖಂಡಿತ ಕಣಯ್ಯ, ಅಚ್ಚಾಗಿದೆ ನೋಡು. ಅವನ ಕೈ ಬುಟ್ಟಿಯಿಂದ ಎದ್ದಿತು, ಈಗ ನಡುಗುತ್ತಿಲ್ಲ, ಕಾಲಿನಿಂದ ಬುಟ್ಟಿಯನ್ನು ಅವಳತ್ತ ನೂಕಿ, ಇಳಿಯೋವಾಗ ನೀನೇ ಒತ್ಕೋ, ಸಂಜೆ ಆ ಕಲ್ಲಿನ ಇಚಾರ ಮಾತಾಡಾಣ, ಅಂದ. ನೀನೇ ಅಂತೆ. ಹೋಯಿತು, ಹೊಲ ಹೋಯಿತು, ಮುದುಕಿಯಾಗಿ ಇವನ ಹಿತ್ತಲ ಬಾಗಿಲಲ್ಲಿ ಮುದ್ದೆಗೆ ಕಾಯಬೇಕು — ಅವಳು ಎದ್ದು ನಿಂತಳು, ಸೆರಗು ಜಾರಿದರೂ ಬಿಟ್ಟಳು, ಪೈಪು ಒಡೀತಂತೆ, ಯಾಕೆ ಒಡೀತು ಮೇಷ್ಟ್ರೇ, ಅದ್ನೂ ಬರ್ದವ್ರಾ, ಆ ಮುಂಡೆ ನಾನೇ, ತೂರಿದ್ದು ನಾನೇ, ಆ ಕೂಸೂ ನಂದೇ ಕೆಲ್ಸ, ಅವ್ರಮ್ಮ ನನ್ ಕೈಗೇ ಕೊಟ್ಳು, ಜೀವ ಇತ್ತು, ಪಿಳಿಪಿಳಿ ನೋಡ್ತಿತ್ತು, ನೀನೂ ಓಗು ಅಂದೆ, ಓಯ್ತು. ವರಲಕ್ಷ್ಮಮ್ಮ ಸರಸರನೆ ಆಚೆ ಸರಿದಳು. ಕದಿರಮ್ಮ ಮೈದುನನ ಕಡೆ ತಿರುಗಿ ಮೆಲ್ಲಗೆ ಕೇಳಿದಳು, ನಿನ್ ಸೊಸೆಗೆ ಈಗ ಏಳು ತಿಂಗ್ಳಲ್ವೇನೋ ಚಿಕ್ಕವೆಂಕಟ.

ಅವನು ಕಾಲಿಗೇ ಬಿದ್ದ, ಅತ್ತಿಗೆ, ಬುಟ್ಬುಡಿ, ಅದೊಂದು ಬುಟ್ಬುಡಿ, ಕಲ್ಲು ಇದ್ದಲ್ಲೇ ಇರ್ಲಿ, ಅನ್ನುತ್ತಾ ಅಳುತ್ತಾನೆ, ಅಳಲಿ, ಗೆದ್ದೆ, ಸಾಯೋವರೆಗೂ ಇನ್ನು ಒಂದು ಸಾಲು ಮುಟ್ಟಲಾರ — ನೀನೂ ಓಗು ಅಂದೆ ಅಂದಳಲ್ಲ, ಅನ್ನಲಿಲ್ಲ, ಓಗ್ಬೇಡ ಕಣಪ್ಪಾ ಅಂದಳು, ಹುಣಸೆಮರದ ಬುಡದಲ್ಲಿ ಕೂತು ಬಾಯಿಗೆ ಬಾಯಿಟ್ಟು ಉಸಿರು ಊದಿದಳು, ಹೆರದ ಎದೆಗೆ ಒತ್ತಿಕೊಂಡಳು, ಓಗ್ಬೇಡ, ಓಗ್ಬೇಡ, ಅದು ಅವಳ ಹೆಬ್ಬೆರಳನ್ನು ಬಿಗಿಯಾಗಿ ಹಿಡಿದಿತ್ತು, ಕಣ್ಣು ನಿಂತ ಮೇಲೂ ಹಿಡಿದೇ ಇತ್ತು, ಜನ ಬರುವುದರೊಳಗೆ ಬಿಡಿಸಬೇಕಾಯಿತು, ಒಂದೊಂದೇ, ಕಿರುಬೆರಳು ಬಿಡಿಸಿದಳು, ಅದರ ಪಕ್ಕದ್ದು ಬಿಡಿಸಿದಳು, ನಡುವಿನದು ಬಿಡಿಸಿದಳು, ಅಷ್ಟರಲ್ಲಿ ಕಿರುಬೆರಳು ಮತ್ತೆ ಮಡಿಚಿಕೊಂಡಿತು,