ನುಂಗಿದ ಮೇಲೆ ಒಂದು ಮಾತು

ಸೆಣಬಿನ ಗಿರಣಿಯಿಂದ ಬರುವ ಅಮ್ಮನ ಕೋಟಿನಲ್ಲಿ ಎಣ್ಣೆಯ, ನಾರಿನ ಕಮಟು ವಾಸನೆ ಇರುತ್ತಿತ್ತು. ಎಷ್ಟು ಒಗೆದರೂ ಹೋಗದು. ಬಸ್ಸಿನಲ್ಲಿ ಪಕ್ಕದವರು ಎದ್ದು ಬೇರೆ ಕಡೆ ಕೂರುತ್ತಿದ್ದರು. ಅಮ್ಮ ನೆಟ್ಟಗೆ ಕೂತು ಕಿಟಕಿಯಾಚೆ ನೋಡುತ್ತಿದ್ದಳು. ನಾಲ್ಕು ಜನರೆದುರು ಮುಖ ಬಿಸಿಯಾಗುವುದೆಂದರೆ ಏನೆಂದು ಸೆಂಗಾ ಏಳನೇ ವಯಸ್ಸಿಗೇ ಕಲಿತಿದ್ದಳು.

ಈಗ ಅವಳಿಗೆ ಐವತ್ತೆಂಟು. ಅದೇ ಡಂಡೀ ಊರಿನ ಬೀದಿಗಳಲ್ಲಿ, ಹೆರಾಯಿನ್ ಬಿಡಲು ಹೊರಟವರ ಬೆನ್ನಿಗೆ ನಿಲ್ಲುವುದು ಅವಳ ಕೆಲಸ. ಆ ಶನಿವಾರ ಹನ್ನೆರಡು ಗಂಟೆಗೆ ಅವಳು ಹನ್ನೊಂದನೇ ಮಹಡಿಯಲ್ಲಿ ಫರ್ಗಸನ ಬಾಗಿಲು ಬಡಿಯುತ್ತಿದ್ದಳು. ಲಿಫ್ಟ್ ಕೆಟ್ಟಿತ್ತು.

ಫರ್ಗಸ್ ಮನೆಗಳ ಮಾಡಿಗೆ ಕಲ್ಲುಹಂಚು ಹೊದಿಸುತ್ತಿದ್ದವನು. ಒಮ್ಮೆ ಮೇಲಿನಿಂದ ಬಿದ್ದ; ನೋವಿಗೆಂದು ನುಂಗಿದ ಮಾತ್ರೆ ಅವನನ್ನು ಹೆರಾಯಿನ್‌ವರೆಗೂ ಎಳೆದುಕೊಂಡು ಹೋಯಿತು. ಈಗ ಹದಿನಾಲ್ಕು ತಿಂಗಳಿಂದ ದಿನವೂ ಮೂಲೆಯ ಔಷಧಿ ಅಂಗಡಿಯವರ ಕಣ್ಣೆದುರೇ, ಹೆರಾಯಿನ್ ಬದಲಿಗೆ ಕೊಡುವ ಹಸಿರು ಮೆಥಡೋನ್ ಕುಡಿದು ತಡೆದುಕೊಂಡಿದ್ದ. ಗುರುವಾರ, ಶುಕ್ರವಾರ ಹೋಗಿರಲಿಲ್ಲ. ಇವತ್ತೂ ತಪ್ಪಿದರೆ ಮೂರು ದಿನವಾಗಿ ಔಷಧಿ ನಿಲ್ಲುತ್ತದೆ. ಮತ್ತೆ ವೈದ್ಯರು, ಮತ್ತೆ ಸರದಿ. ಆ ಸರದಿಯಲ್ಲಿ ಕಾಯುತ್ತಲೇ ಸತ್ತ ಇಬ್ಬರ ಮಣ್ಣಿಗೆ ಸೆಂಗಾ ಹೋಗಿ ಬಂದಿದ್ದಳು. ಅಂಗಡಿ ಮುಚ್ಚುವುದು ಒಂದು ಗಂಟೆಗೆ.

“ಬಾಗಿಲು ತೆಗಿಯೋ ಫರ್ಗಸ್. ನಾನಿಲ್ಲಿ ಸತ್ರೆ ಹೆಣ ಇಳಿಸೋನೂ ನೀನೇ.”

“ಹೋಗು ಸೆಂಗಾ. ನಿನ್ನ ಹೊರೋ ಶಕ್ತಿ ನಂಗಿಲ್ಲ.”

“ಅದಕ್ಕೇ ಬಾ ಅಂತಿರೋದು.”

ಬಾಗಿಲು ತೆರೆಯಿತು. ಅವನು ಕಂಬಳಿ ಹೊದ್ದು ನಡುಗುತ್ತಿದ್ದ.

“ಬೇರೆ ಏನಾದ್ರೂ ತಗೊಂಡ್ಯಾ? ನಿಜ ಹೇಳು ಮಗಾ.”

“ಇನ್ನೂ ಇಲ್ಲ. ಎರಡು ಗಂಟೆಗೆ ಒಬ್ಬ ತಂದ್ಕೊಡ್ತಾನೆ.”

“ಅಂಗಡಿಗೆ ಯಾಕೆ ಹೋಗ್ಲಿಲ್ಲ?”

“ಬುಧವಾರ ಹೊಸಬಳು ಬಂದಿದ್ಲು. ಕುಡಿದೆ. ‘ಬಾಯಿ ತೆಗೀರಿ, ನಾಲಿಗೆ ಎತ್ತಿ’ ಅಂದ್ಲು. ಹಿಂದೆ ಆರು ಜನ, ಅದ್ರಲ್ಲಿ ನನ್ನ ಮಗಳ ಟೀಚರ್ರು. ನಾನೇನು ಸಂತೇಲಿ ನಿಂತ ಕುದುರೇನಾ, ಹಲ್ಲು ನೋಡೋಕೆ?”

ಸೆಂಗಾಗೆ ಅರ್ಥವಾಯಿತು. ಔಷಧಿಯನ್ನು ಬಾಯಲ್ಲೇ ಇಟ್ಟುಕೊಂಡು ಹೋಗಿ ಹೊರಗೆ ಮಾರುವವರೂ ಇದ್ದುದರಿಂದ ನುಂಗಿದ್ದನ್ನು ಖಚಿತ ಮಾಡಿಕೊಳ್ಳಲೇಬೇಕಿತ್ತು. ಆದರೂ ಈಗ ರಜೆಯ ಮೇಲಿದ್ದ ಹಳೆಯ ಔಷಧಗಾರ ಎಂದೂ ಬಾಯಿ ತೆರೆಸಿದವನಲ್ಲ. ಕುಡಿದ ಕೂಡಲೇ “ನಿಮ್ಮೋರು ಮತ್ತೆ ಸೋತ್ರಂತಲ್ಲೋ?” ಎಂದು ಕೆಣಕುತ್ತಿದ್ದ. ಫರ್ಗಸ್ ಬೈದನೆಂದರೆ ಔಷಧಿ ಗಂಟಲಿನಿಂದ ಇಳಿದಿದೆ ಎಂದೇ ಲೆಕ್ಕ. ಹಿಂದೆ ನಿಂತವರಿಗೆ ಕೇಳಿಸುತ್ತಿದ್ದುದು ಬರೀ ಫುಟ್‌ಬಾಲ್.

“ಶೂ ಹಾಕ್ಕೋ. ಬಾಯಿ ತೆಗೆಸದ ಹಾಗೆ ನಾನು ನೋಡ್ಕೋತೀನಿ.”

“ತೆಗೆಸಿದ್ರೆ?”

“ನಾನೂ ನಿನ್ನ ಪಕ್ಕ ಬಾಯಿ ತೆಗೆದು ನಿಲ್ತೀನಿ. ನನ್ನ ಕಟ್ಟಿಸಿದ ಹಲ್ಲು ನೋಡಿದೋರು ನಿನ್ನ ಕಡೆ ತಿರುಗೂ ನೋಡಲ್ಲ.”

ಅವನ ತುಟಿ ಸ್ವಲ್ಪ ಸಡಿಲವಾಯಿತು. ಕಂಬಳಿ ತೆಗೆದಿಟ್ಟ.

ಇಳಿಯುವಾಗ ಅವನ ಕಾಲು ಸೋತಾಗಲೆಲ್ಲ ಸೆಂಗಾ ತನಗೇ ಏದುಸಿರು ಬಂದಂತೆ ನಿಂತಳು. ಅಂಗಡಿ ತಲುಪಿದಾಗ ಒಂದಕ್ಕೆ ಏಳು ನಿಮಿಷವಿತ್ತು. ಅವನನ್ನು ಹೊರಗೆ ನಿಲ್ಲಿಸಿ ತಾನು ಮೊದಲು ಒಳಗೆ ಹೋದಳು. ಹೊಸಬಳ ಹೆಸರು ಮೋರ್ವೆನ್. ಇನ್ನೂ ಚಿಕ್ಕ ವಯಸ್ಸು.

“ನೋಡು ಮಗೂ, ನುಂಗಿದಾನಾ ಅಂತ ನೋಡೋದು ನಿನ್ನ ಕೆಲಸ, ಸರಿ. ಆದ್ರೆ ಬಾಯಿ ತೆಗೆಸಬೇಡ, ಮಾತಾಡಿಸು. ಬಾಯಲ್ಲಿ ಔಷಧಿ ಇಟ್ಕೊಂಡು ಯಾರಿಗೂ ಮಾತಾಡಕ್ಕಾಗಲ್ಲ.”

ಮೋರ್ವೆನ್‌ಳ ಕಿವಿ ಕೆಂಪಾಯಿತು. “ಹೀಗೂ ಮಾಡ್ಬಹುದು ಅಂತ ಯಾರೂ ಹೇಳ್ಲಿಲ್ಲ. ಏನು ಕೇಳ್ಲಿ?”

“ನಿಮ್ಮನೆಗೆ ಬಂದೋರನ್ನ ಏನು ಕೇಳ್ತೀಯೋ, ಅದನ್ನೇ.”

ಫರ್ಗಸ್ ಒಳಗೆ ಬಂದ. ಹಿಂದೆ ಮೂವರು ಕಾಯುತ್ತಿದ್ದರು. ಮೋರ್ವೆನ್ ಚೀಟಿ ನೋಡಿ, ತಪ್ಪಿದ ದಿನಗಳನ್ನು ಎಣಿಸಿ, ಅಳೆದು ಕೊಟ್ಟಳು. ಅವನು ಒಂದೇ ಗುಟುಕಿಗೆ ಕುಡಿದು ಕಣ್ಣು ಕೆಳಗೆ ಮಾಡಿ ನಿಂತ.

“ಇವತ್ತು ಊಟಕ್ಕೇನು ಮಾಡ್ಕೊಂಡ್ರಿ?” ಎಂದಳು ಮೋರ್ವೆನ್.

ಅವನು ತಲೆಯೆತ್ತಿದ. ಅವಳು ನಿಜವಾಗಿಯೂ ಉತ್ತರಕ್ಕೆ ಕಾಯುತ್ತಿದ್ದಳು.

“ಏನೂ ಇಲ್ಲ. ಬುಧವಾರದಿಂದ ಹೊಟ್ಟೆಗೆ ಏನೂ ಹಾಕಿಲ್ಲ.” ದನಿ ಸ್ಪಷ್ಟವಾಗಿತ್ತು.

“ಸರಿ. ನಾಳೆ ರಜ, ನಾಳೇದು ಕೊಟ್ಬಿಡ್ತೀನಿ. ಸೋಮವಾರ ಬನ್ನಿ.”

“ಬರ್ತೀನಿ,” ಎಂದ ಫರ್ಗಸ್.

ಅವಳು ಒಳಕೋಣೆಗೆ ಹೋಗಿ ಬಂದಳು. ಭಾನುವಾರದ ಬಾಟಲಿಯ ಜೊತೆಗೆ, ತನ್ನ ಮಧ್ಯಾಹ್ನಕ್ಕೆಂದು ಬೇಕರಿಯಿಂದ ತಂದಿದ್ದ ಬ್ರೈಡಿ ಎಂಬ, ಮಾಂಸ ಈರುಳ್ಳಿ ತುಂಬಿದ ಬಿಸಿ ಕಡುಬನ್ನೂ ಔಷಧಿಯ ಬಿಳಿ ಚೀಲಕ್ಕೇ ಹಾಕಿ, ಬಾಯಿ ಮಡಿಸಿ, ಎಲ್ಲರಿಗೂ ಕೊಡುವಂತೆಯೇ ಅವನ ಕೈಗಿಟ್ಟಳು.