ಮಗಳ ನಂಬರು

ಫೋನಿನ ತಂತಿಯಲ್ಲೇ ಇಂಟರ್‌ನೆಟ್ಟೂ ಬರುತ್ತಿದ್ದ ಕಾಲ. ಒಂದು ನಡೆಯುವಾಗ ಇನ್ನೊಂದು ಇಲ್ಲ. ಭಾನುವಾರ ಮಧ್ಯಾಹ್ನ ಅಜ್ಜಂಪುರದ ಮನೆಯಲ್ಲಿ ಮಲ್ಲಿಕಾಂಬ ಸಾರು ಇಳಿಸಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಕಂಪ್ಯೂಟರಿನ ಮುಂದೆ ಕೂತಳು. ಗಂಡ ಕೊಬ್ಬರಿ ಲೋಡಿನ ಜೊತೆ ತಿಪಟೂರಿಗೆ ಹೋಗಿದ್ದ. ಮಗಳು ಅನುಪಮಾಗೆ ಕಿವಿ ಕೇಳದು. ಅವಳನ್ನು ಮೈಸೂರಿನ ಹಾಸ್ಟೆಲಿಗೆ ಸೇರಿಸಿ ಬಂದ ಮೇಲೆ ಇದೇ ಮೊದಲ ಭಾನುವಾರ. ಅಲ್ಲಿ ಮಕ್ಕಳಿಗೆ ಕಂಪ್ಯೂಟರು ಸಿಗುವುದು ವಾರಕ್ಕೊಮ್ಮೆ, ಅರ್ಧ ಗಂಟೆ. ಟೈಪು ಮಾಡಿದ್ದೇ ಮಾತು.

ಬಿಟ್ಟು ಬರುವಾಗ ಎಲ್ಲಿ ಅತ್ತುಬಿಡುತ್ತೇನೋ ಎಂದು ಮಲ್ಲಿಕಾಂಬ ತಿರುಗಿಯೂ ನೋಡದೆ ಬಂದಿದ್ದಳು. ಯಾಕೆಂದು ಇವತ್ತು ಹೇಳಬೇಕಿತ್ತು.

ಮೋಡೆಮ್ಮು ಕಿರುಗುಟ್ಟಿ ಸುಮ್ಮನಾಯಿತು. ಕನೆಕ್ಟ್ ಆಯಿತೆಂದು ತೋರಿಸಿತು. ಒಂದು ಪುಟವೂ ತೆರೆಯಲಿಲ್ಲ. ಮತ್ತೆ ಮತ್ತೆ ಮಾಡಿದರೂ ಅಷ್ಟೇ. ಕೊನೆಗೆ ಲೈನು ಬಿಡಿಸಿ, ಕಂಪ್ಯೂಟರು ಮಾರಿದ ತರೀಕೆರೆಯ ಓಂಕಾರೇಶನಿಗೆ ಫೋನು ಮಾಡಿದಳು.

"ಸೆಟ್ಟಿಂಗ್ ಏನಾರ ಮುಟ್ಟಿದ್ರಾ ಅಕ್ಕ?"

"ಇಲ್ಲ ಕಣಪ್ಪ. ಐಪಿ ಅಡ್ರೆಸ್ ಅಂತ ಒಂದು ಜಾಗ ಖಾಲಿ ಇತ್ತು. ಅಷ್ಟು ತುಂಬ್ದೆ."

"ಏನಂತ ತುಂಬಿದ್ರಿ?"

"ನಮ್ಮ ಹುಡುಗಿ ಕೂರೋ ಕಂಪ್ಯೂಟರಿನ ನಂಬರು. ಅಲ್ಲಿ ಮೇಷ್ಟ್ರನ್ನ ಕೇಳ್ಕೊಂಡ್ ಬಂದಿದ್ದೆ. ಎಲ್ಲಿಗೆ ಹೋಗ್ಬೇಕು ಅಂತ ಇದಕ್ಕೆ ಗೊತ್ತಾಗ್ಬೇಡ್ವೇನಪ್ಪ?"

ಓಂಕಾರೇಶ ನಕ್ಕ. "ಅಕ್ಕ, ಅದು ಕಾಗದದಲ್ಲಿ 'ಗೆ' ಅಂತ ಬರೆಯೋ ಜಾಗ ಅಲ್ಲ, 'ಇಂದ' ಅಂತ ಬರೆಯೋ ಜಾಗ. ಅದನ್ನೂ ನೀವು ಬರೀಬಾರ್ದು. ಲೈನ್ ಸಿಕ್ಕಾಗೆಲ್ಲ ಆ ಕಡೆಯೋರೇ ಒಂದು ನಂಬರ್ ಕೊಡ್ತಾರೆ, ಕಟ್ಟಾದ್ರೆ ವಾಪಸ್ ತಗೋತಾರೆ. ನೀವು ಮಗಳ ನಂಬರ್ ಹಿಡ್ಕೊಂಡ್ ಕೂತ್ರೆ ನಿಮ್ಮನ್ನ ಯಾರು ಅಂದ್ಕೋಬೇಕು ಅವ್ರು?"

"ಹಂಗಾರೆ ಅಳಿಸ್ಲಾ?"

"ಅಳಿಸಿ, ಮೇಲಿನ ಸಾಲಿಗೆ ಚುಕ್ಕಿ ಇಡಿ. ತಾನೇ ತಗೊಳ್ಳತ್ತೆ."

ಅಂಕೆಗಳನ್ನು ಒಂದೊಂದಾಗಿ ಅಳಿಸುವಾಗ ಅವಳ ಬೆರಳು ತಡೆತಡೆದು ಹೋಯಿತು. ಮಗಳದೆಂದು ಕೈಗೆ ಸಿಕ್ಕಿದ್ದು ಅದೊಂದೇ ಅನ್ನಿಸಿತ್ತು.

ಫೋನಿಟ್ಟು ಮತ್ತೆ ಕನೆಕ್ಟ್ ಮಾಡಿದಳು. ಈ ಸಲ ಪುಟ ತೆರೆಯಿತು. ಅನುಪಮಾಳ ಹೆಸರಿನ ಪಕ್ಕದ ಹಸಿರು ದೀಪ ಆರಿತ್ತು. ಅರ್ಧ ಗಂಟೆ ಮುಗಿದುಹೋಗಿತ್ತು. ಅವಳು ಬಿಟ್ಟುಹೋದ ಸಾಲುಗಳಷ್ಟೇ ಇದ್ದವು.

"ಅಮ್ಮ ಇದೀಯಾ"

"ಅಮ್ಮ"

"ನನ್ಮೇಲೆ ಸಿಟ್ಟಾ? ಅವತ್ತು ತಿರುಗೇ ನೋಡ್ಲಿಲ್ಲ"

ಮಲ್ಲಿಕಾಂಬ ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತಿದಳು: "ಸಿಟ್ಟಿಲ್ಲ ಕಣೇ ಪುಟ್ಟಿ. ತಿರುಗಿದ್ರೆ ಕರ್ಕೊಂಡೇ ಬಂದ್ಬಿಡ್ತಿದ್ದೆ."

ಮುಂದಿನ ಭಾನುವಾರದವರೆಗೆ ಇದನ್ನು ಓದುವವರಿಲ್ಲವೆಂದು ಗೊತ್ತಿತ್ತು. ಆದರೂ ಲೈನು ಕಡಿಯಲು ಅವಳಿಗೆ ಮನಸ್ಸಾಗಲಿಲ್ಲ.